ಮೊದಲನೇ ಕಂತು ಕೇಳದೆ ದಾವಣಗೆರೆಗೆ ಹೋದದ್ದು

ಮೈಸೂರಿನಿಂದ ರೈಲು ಬೆಳಗಿನ ಜಾವ ಹೊರಟಿತು. ನನ್ನ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಎರಡು ಡಬ್ಬಿ ಮೈಸೂರು ಪಾಕ್, ಕಿವಿಯಲ್ಲಿ ಇಯರ್‌ಫೋನ್. ಒಂದು ಡಬ್ಬಿ ಹರಿಹರದಲ್ಲಿರುವ ನನ್ನ ತಂಗಿ ಸರೋಜಳಿಗೆ. ಇನ್ನೊಂದು ದಾವಣಗೆರೆಯ ಷಮೀಮ್ ಟೀಚರಿಗೆ. ಅವರನ್ನು ನಾನು ಅಲ್ಲಿಯವರೆಗೆ ಕಂಡವಳೇ ಅಲ್ಲ. ಆದರೆ ಎರಡು ವರ್ಷದಿಂದ ಅವರ ದನಿ ಕೇಳದೆ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಸಿಡಿದಿಲ್ಲ.

ನಿವೃತ್ತಿಯಾದ ಮೇಲೆ ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಪಾಡ್‌ಕಾಸ್ಟ್. ರೇಡಿಯೋದ ಹಾಗೆಯೇ, ಆದರೆ ಬೇಕಾದಾಗ ಹಚ್ಚಬಹುದು, ಬೇಡವಾದಾಗ ಮಾತಿನ ಮಧ್ಯದಲ್ಲೇ ನಿಲ್ಲಿಸಬಹುದು. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಗಣಿತ ಹೇಳಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿದವಳಿಗೆ ಆ ಎರಡನೆಯ ಸೌಲಭ್ಯ ಬಹಳ ಹಿಡಿಸಿತು. ಇರುವೆಗಳ ಬಗ್ಗೆ ಮಾತನಾಡುವ ಹುಡುಗಿಯೊಬ್ಬಳ ಕಾರ್ಯಕ್ರಮ ಕೇಳಿದಂದಿನಿಂದ ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಒರೆಸಲು ಕೈ ಬರುವುದಿಲ್ಲ, ನಿಂತು ನೋಡುತ್ತೇನೆ. ನದಿಗಳು ಪಾತ್ರ ಬದಲಿಸುವ ಬಗ್ಗೆ ಒಬ್ಬರು ವಾರಕ್ಕೊಮ್ಮೆ ಹೇಳುತ್ತಾರೆ. ಕೋರ್ಟಿನ ತೀರ್ಪುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಇಬ್ಬರು ವಕೀಲೆಯರಿದ್ದಾರೆ. ಅರಸೀಕೆರೆ ಬರುವ ಹೊತ್ತಿಗೆ ನದಿಯೂ ಮುಗಿದಿತ್ತು, ತೀರ್ಪೂ ಮುಗಿದಿತ್ತು, ಎರಡು ವಡೆಯೂ ಮುಗಿದಿದ್ದವು. ಮನಸ್ಸು ವಿಶಾಲವಾಗಬೇಕಾದರೆ ಹೀಗೆ ಕೇಳಬೇಕು ಎಂದು ಎದುರು ಸೀಟಿನ ಹೆಂಗಸಿಗೆ ಉಪದೇಶವನ್ನೂ ಮಾಡಿದೆ. ಆಕೆ ತಲೆಯಾಡಿಸಿ ಕಣ್ಣು ಮುಚ್ಚಿದಳು.

ಇವೆಲ್ಲದರ ಮೇಲೆ ನನ್ನ ಪಾಲಿಗೆ ಒಂದು ಪಾಡ್‌ಕಾಸ್ಟ್ ಇತ್ತು, ‘ಎದುರು ಬದುರು’. ದಾವಣಗೆರೆಯ ಇಬ್ಬರು ಅದನ್ನು ನಡೆಸುತ್ತಾರೆ. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಮ್ಮ ಷಮೀಮ್ ಟೀಚರ್, ಇನ್ನೊಬ್ಬರು ಬಟ್ಟೆ ವ್ಯಾಪಾರಿ ಮುರುಗೇಂದ್ರಪ್ಪ. ವಾರಕ್ಕೊಂದು ವಿಷಯ, ಇಬ್ಬರೂ ಎದುರು ಬದುರು ಕೂತು ವಾದ ಮಾಡುತ್ತಾರೆ. ಇದನ್ನು ನನಗೆ ಹಚ್ಚಿಕೊಟ್ಟವಳು ಸರೋಜಳೇ. ಅವಳು ಕಳಿಸಿದ್ದು ಎಲ್ಲೋ ನಡುವಿನ ಒಂದು ಕಂತು. ಹಳೆಯದನ್ನು ಆಮೇಲೆ ಕೇಳಿದರಾಯಿತು ಎಂದುಕೊಂಡು ನಾನು ಅಲ್ಲಿಂದ ಮುಂದಕ್ಕೆ ಕೇಳುತ್ತ ಬಂದೆ. ಷಮೀಮ್ ಟೀಚರ್ ಮಾತು ಮಲ್ಲಿಗೆ ಕಟ್ಟಿದ ಹಾಗೆ, ಒಂದಕ್ಕೊಂದು ಸೇರಿಕೊಂಡು ಬರುತ್ತದೆ. ಮುರುಗೇಂದ್ರಪ್ಪನವರ ಸರದಿ ಬಂದಾಗ ನಾನು ಅನ್ನಕ್ಕೆ ನೀರಿಡಲು ಎದ್ದು ಹೋಗುತ್ತಿದ್ದೆ, ಇಲ್ಲವೇ ಬೆರಳಿನಿಂದ ಅವರನ್ನು ಮುಂದಕ್ಕೆ ಓಡಿಸುತ್ತಿದ್ದೆ. ಟೀಚರ್ ಮಾತು ಕೇಳಿ ನಾನು ಮಧ್ಯಾಹ್ನದ ನಿದ್ದೆ ಬಿಟ್ಟೆ. ಅರವತ್ತು ದಾಟಿದವಳು ಹಾಗೆ ನಿದ್ದೆ ಬಿಡುವುದು ಸುಲಭವಲ್ಲ.

ಈಗ ಸರೋಜಳ ವಿಷಯ. ಅವಳ ಗಂಡ ತೀರಿಕೊಂಡು ಆರು ವರ್ಷವಾಯಿತು, ಮಕ್ಕಳಿಲ್ಲ, ಹರಿಹರದಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ನಾನು ಮದುವೆಯೇ ಆಗಲಿಲ್ಲ. ಅವಳಿಗೆ ಸಾಕೆನಿಸಿದ ದಿನ ಅಕ್ಕ ತಂಗಿ ಮೈಸೂರಿನಲ್ಲಿ ಒಟ್ಟಿಗೆ ಇರುವುದೆಂದು ನಾನೇ ತೀರ್ಮಾನ ಮಾಡಿಕೊಂಡು, ಮಹಡಿಯ ಕೋಣೆಗೆ ಬಣ್ಣ ಹೊಡೆಸಿ, ಅವಳಿಗೆಂದು ಒಂಟಿ ಮಂಚವನ್ನೂ ತರಿಸಿ ಹಾಕಿದ್ದೆ. ಅಷ್ಟರಲ್ಲಿ ಬಸವರಾಜಪ್ಪ ಬಂದರು. ಪಂಪ್‌ಸೆಟ್ ರಿಪೇರಿ ಅಂಗಡಿ, ಕೊಂಡಜ್ಜಿಯಲ್ಲಿ ಸ್ವಲ್ಪ ಹೊಲ, ಹೆಂಡತಿ ಇಲ್ಲ. ಸರೋಜಳ ಮನೆಯ ಮೋಟಾರು ಸರಿಮಾಡಲು ಬಂದವರು ಎಂಟು ತಿಂಗಳಾದ ಮೇಲೆ ಮದುವೆಯ ಮಾತೆತ್ತಿದರು. ಐವತ್ತನಾಲ್ಕು ವರ್ಷದ ನನ್ನ ತಂಗಿ ಅದನ್ನು ಫೋನಿನಲ್ಲಿ ಹೇಳಿ, ನೀನು ಒಪ್ಪಿದರೆ ಮಾತ್ರ ಎಂದಳು.

ನನಗೆ ಇಷ್ಟವಿರಲಿಲ್ಲ. ಜನ ಏನೆನ್ನುತ್ತಾರೆ ಎಂಬ ಅಳುಕು ಸ್ವಲ್ಪ, ಖಾಲಿ ಮಂಚದ ಸಂಕಟ ಬಹಳ. ಆದರೆ ತಂಗಿಗೆ ಬೇಡವೆಂದು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಐವತ್ತರ ಮೇಲೆ ಮರುಮದುವೆ ಬೇಕೇ ಎಂಬ ಒಂದು ಕಂತು ‘ಎದುರು ಬದುರಿ’ನಲ್ಲಿತ್ತು. ಷಮೀಮ್ ಟೀಚರ್ ಅದರಲ್ಲಿ ಬೇಡವೇ ಬೇಡ ಎಂದು ಎಷ್ಟು ಚೆನ್ನಾಗಿ ವಾದಿಸಿದ್ದರೆಂದರೆ, ನನ್ನ ಮನೆಯ ಗೋಡೆಗಳೂ ಹೌದೆಂದಿರಬೇಕು. ಅದನ್ನು ಸರೋಜಳಿಗೆ ಕಳಿಸಿ ಕೆಳಗೆ ಬರೆದೆ: ‘ಷಮೀಮ್ ಟೀಚರ್ ಮನಸ್ಸಿನಲ್ಲಿ ಏನಿದೆಯೋ ನನ್ನ ಮನಸ್ಸಿನಲ್ಲೂ ಅದೇ ಇದೆ.’ ಅವಳಿಂದ ಕೈಮುಗಿದ ಚಿತ್ರವೂ ಒಂದು ಸಾಲೂ ಬಂತು. ಭಾನುವಾರ ಅವರು ಮನೆಗೆ ಬರುತ್ತಾರೆ, ಅಕ್ಕ ನೀನು ಪಕ್ಕದಲ್ಲಿದ್ದರೆ ಧೈರ್ಯವಾಗಿ ಹೇಳಿಬಿಡುತ್ತೇನೆ, ಅಂತ. ಪಾಪ, ಇಲ್ಲವೆನ್ನಲು ಧೈರ್ಯ ಬೇಕಲ್ಲ ಎಂದು ನಾನು ಟಿಕೆಟ್ ಮಾಡಿಸಿದೆ. ದಾರಿಯಲ್ಲೇ ಇಳಿದು ಟೀಚರಿಗೆ ಮೈಸೂರು ಪಾಕ್ ಕೊಟ್ಟು ಕೃತಜ್ಞತೆ ಹೇಳುವುದೂ ನನ್ನ ಕಾರ್ಯಕ್ರಮದಲ್ಲಿ ಸೇರಿತ್ತು. ಶನಿವಾರ ಗೋದಾಮಿನಲ್ಲಿ ರೆಕಾರ್ಡಿಂಗ್ ಇದೆ, ಅಲ್ಲಿಗೇ ಬನ್ನಿ ಎಂದು ಅವರೂ ತಿಳಿಸಿದ್ದರು.

ದಾವಣಗೆರೆಯಲ್ಲಿ ಇಳಿದಾಗ ಶನಿವಾರದ ನಡುಮಧ್ಯಾಹ್ನ. ಏಪ್ರಿಲ್ ಬಿಸಿಲು ಮುಖಕ್ಕೆ ಹೊಡೆದ ರಭಸಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬೆಣ್ಣೆ ದೋಸೆ ಹೇಳಿದೆ. ಮೈಸೂರಿನಲ್ಲೂ ಈ ಹೆಸರಿನ ಬೋರ್ಡುಗಳಿವೆ, ಗೊತ್ತಿರುವ ವಸ್ತುವೇ ಎಂದುಕೊಂಡಿದ್ದೆ. ತಟ್ಟೆ ಬಂದಾಗ ದೋಸೆ ಕಾಣಲಿಲ್ಲ, ಬೆಣ್ಣೆ ಕಂಡಿತು. ಇದು ಒಬ್ಬರಿಗೋ ಎಂದು ಕೇಳಿದ್ದಕ್ಕೆ, ತಂದವರು ಇನ್ನೊಂದು ಬರುತ್ತದೆ ಎಂದರು. ಎರಡನ್ನೂ ತಿಂದೆ. ಮಧ್ಯಾಹ್ನದ ನಿದ್ದೆ ಬಿಟ್ಟಿರುವುದು ಆ ದಿನದಷ್ಟು ಕಷ್ಟವೆಂದು ಹಿಂದೆಂದೂ ಅನಿಸಿರಲಿಲ್ಲ.

ಆಟೋದವರು ಆನೆಕೊಂಡಕ್ಕೆ ಎಂಬತ್ತು ರೂಪಾಯಿ ಕೇಳಿದರು. ಮುರುಗೇಂದ್ರಪ್ಪನವರ ಬಟ್ಟೆ ಗೋದಾಮು ಎಂದೊಡನೆ ಅವರ ಮುಖ ಅರಳಿತು. ನೀವೂ ಕೇಳುತ್ತೀರಾ ಎಂದೆ. ತಪ್ಪದೆ ಕೇಳುತ್ತೇನೆ, ಟೀಚರಮ್ಮ ಹೌದೆಂದರೆ ನಾನು ಅಲ್ಲವೆಂದು ತಿಳಿದುಕೊಳ್ಳುತ್ತೇನೆ ಎಂದರು. ಎಂಥ ಉದ್ಧಟತನ ಎಂದು ನನಗೆ ಸಿಟ್ಟು ಬಂದು, ಗೋದಾಮು ಬರುವವರೆಗೆ ಮತ್ತೆ ಮಾತನಾಡಲಿಲ್ಲ.

ಗೋದಾಮಿನ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ನಾಲ್ಕೂ ಗೋಡೆಗೆ ಸೂರಿನವರೆಗೆ ಸೀರೆಗಳನ್ನೂ ಬಟ್ಟೆಯ ಥಾನುಗಳನ್ನೂ ಒಟ್ಟಿದ್ದರು. ಒಳಗೆ ಕಾಲಿಟ್ಟರೆ ಬೀದಿಯ ಸದ್ದು ಪೂರ್ತಿ ಅಡಗುತ್ತದೆ, ಹೊಸ ಬಟ್ಟೆಯ ಗಂಜಿ ವಾಸನೆ ಮಾತ್ರ. ನಡುವೆ ಒಂದು ಮೇಜು, ಎರಡು ಮೈಕು. ಷಮೀಮ್ ಟೀಚರ್ ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು, ನಗು ಮಾತ್ರ ನಾನು ಅಂದುಕೊಂಡಷ್ಟೇ ದೊಡ್ಡದಾಗಿತ್ತು.

“ಬರ್ರಿ ಮೈಸೂರಿನೋರು, ಕೂಡ್ರಿ,” ಎಂದರು. “ಫ್ಯಾನ್ ಹಾಕಂಗಿಲ್ಲ ನೋಡ್ರಿ, ಸೌಂಡ್ ಬರತೈತೆ. ಸ್ವಲ್ಪ ಬೆವರಬೇಕು.”

ಬೆವರುತ್ತ ಕೂತೆ. ಅಂದಿನ ವಿಷಯ, ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳಬೇಕೋ ಮೊಬೈಲಿನಲ್ಲಿ ತರಿಸಬೇಕೋ. ಬಟ್ಟೆ ವ್ಯಾಪಾರಿ ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಮೈಸೂರು ಪಾಕಿನ ಡಬ್ಬಿಯ ದಾರ ಬಿಚ್ಚುತ್ತ ಕೂತಿದ್ದೆ. ಮುರುಗೇಂದ್ರಪ್ಪ ಗಂಟಲು ಸರಿಮಾಡಿಕೊಂಡು, ಅಂಗಡಿಗೆ ಹೋಗುವವರಷ್ಟು ದಡ್ಡರಿಲ್ಲ ಎಂದು ಶುರುಮಾಡಿದರು. ಅಂಗಡಿಯವರು ನಲವತ್ತು ಸೀರೆ ಬಿಚ್ಚಿ ಹಾಕಿ, ತಂಪು ಕುಡಿಸಿ, ದಾಕ್ಷಿಣ್ಯಕ್ಕೆ ಸಿಕ್ಕಿಸುತ್ತಾರೆ, ಹೋದ ವರ್ಷದ ಮಾಲನ್ನು ನಿನ್ನೆ ಬಂದದ್ದು ಎನ್ನುತ್ತಾರೆ ಎಂದರು. ಅವರ ಬೆನ್ನಿಗೆ ಅವರದೇ ಸೀರೆಗಳ ಗೋಡೆ. ಷಮೀಮ್ ಟೀಚರ್ ಎದುರಿಗೆ ಕೂತು, ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಕೊಳ್ಳುವುದು ಬಟ್ಟೆಗೇ ಅವಮಾನ ಎಂದು ಕಣ್ಣಲ್ಲಿ ನೀರು ಬರುವಂತೆ ಹೇಳಿದರು. ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ಬಡಿದರು. ಪಾರ್ಸೆಲ್ ಬಂದಿತ್ತು. ಟೀಚರ್ ರೆಕಾರ್ಡಿಂಗ್ ನಿಲ್ಲಿಸಿ, ಎದ್ದು ಹೋಗಿ, ಮೊಬೈಲಿನಲ್ಲಿ ತರಿಸಿದ ಮೂರು ಚೂಡಿದಾರಗಳನ್ನು ಸಹಿ ಹಾಕಿ ತೆಗೆದುಕೊಂಡು ಬಂದರು.

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಇದೇನು ಎಂದು ಕೇಳಿದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

“ನೀವು ಮೊದಲ್ನೇ ಕಂತು ಕೇಳಿಲ್ವೇನ್ರಿ?” ಎಂದರು ಟೀಚರ್. “ನಮ್ಮ ಮನಸ್ಸಿನಾಗಿದ್ದಿದ್ದು ಇಲ್ಲಿ ನಾವು ಹೇಳಂಗಿಲ್ಲ. ಅವರದ್ದು ನಾನು ಹೇಳ್ಬೇಕು, ನಂದು ಅವರು ಹೇಳ್ಬೇಕು. ಅದೇ ಇಲ್ಲಿ ಪದ್ಧತಿ.”

ಆಮೇಲೆ ಮುರುಗೇಂದ್ರಪ್ಪ ವಿವರಿಸಿದರು. ಹಿಂದೆ ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ದಿನಾ ಸಂಜೆ ಜಗಳವಾಡುತ್ತಿದ್ದರಂತೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ. ಕೇಳಿ ಕೇಳಿ ರೋಸಿದ ಮುರುಗೇಂದ್ರಪ್ಪನವರ ತಾಯಿ ಒಂದು ಸಂಜೆ ಚಹಾದ ತಟ್ಟೆಯನ್ನು ತಮ್ಮ ಮುಂದಿಟ್ಟುಕೊಂಡು, ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೋ ಅವರಿಗೆ ಮಾತ್ರ ಚಹಾ ಎಂದರಂತೆ. ಬಹಳ ದಿನ ಚಹಾ ಆರಿಹೋಯಿತು. ಕಲಿತ ಮೇಲೆ ಅದನ್ನೇ ಪಾಡ್‌ಕಾಸ್ಟ್ ಮಾಡಿದರು. ಈ ಪದ್ಧತಿಯನ್ನು ಪ್ರತಿ ಕಂತಿನಲ್ಲೂ ಯಾಕೆ ಹೇಳುವುದಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಊರಿಗೆಲ್ಲ ಗೊತ್ತಿರುವುದನ್ನು ದಿನಾ ಹೇಳಿದರೆ ಊರು ನಗುತ್ತದೆ ಎಂದರು. ಆಟೋದವರ ಮೇಲೆ ಸಿಟ್ಟಾದದ್ದು ಆಗ ನೆನಪಾಯಿತು.

ಹಾಗಾದರೆ ಮಧ್ಯಾಹ್ನದ ನಿದ್ದೆ? ದಿನಾ ಎರಡು ತಾಸು ಮಲಗುತ್ತೇನೆ ಎಂದರು ಟೀಚರ್, ಒಂದಿಷ್ಟೂ ನಾಚಿಕೆಯಿಲ್ಲದೆ. ನನಗೆ ಅಳು ಬರುವುದೊಂದು ಬಾಕಿ. ಹಾಗಾದರೆ ಮರುಮದುವೆ? ಆ ಪ್ರಶ್ನೆ ಕೇಳುವಾಗ ನನ್ನ ದನಿ ಸಣ್ಣಗಾಗಿತ್ತು.

“ನಮ್ಮ ನಾದಿನಿಗೆ ಐವತ್ತೆರಡಕ್ಕೆ ನಾನೇ ಮುಂದೆ ನಿಂತು ನಿಕಾ ಮಾಡ್ಸೀನಿ,” ಎಂದರು ಅವರು. “ಬ್ಯಾಡ ಅಂತಿದ್ದಿದ್ದು ಇಲ್ಲಿ ಕುಂತಾರಲ್ಲ, ಈ ಅಣ್ಣಾರು.”

ಮುರುಗೇಂದ್ರಪ್ಪ ತಲೆ ತುರಿಸಿಕೊಂಡರು. “ಬ್ಯಾಡ ಅನ್ನೋನೇ ಆಗಿದ್ದೆ ರಿ. ಬೇಕು ಬೇಕು ಅಂತ ಮೈಕಿನ ಮುಂದೆ ಹೇಳಿ ಮುಗಿಸೋಷ್ಟೊತ್ತಿಗೆ ನನಗೇ ಅರ್ಧ ಹೌದನ್ನಿಸ್ತು. ಇನ್ನರ್ಧ ಇನ್ನೂ ಬಂದಿಲ್ಲ.”

ಎರಡು ವರ್ಷ ನಾನು ಓಡಿಸಿ ಬಿಟ್ಟಿದ್ದ ಆ ಮನುಷ್ಯನ ದನಿಯಲ್ಲೇ ನನ್ನ ಟೀಚರ್ ಇದ್ದರು! ಟೀಚರ್ ದನಿಯಲ್ಲಿ ನಾನು ಮೆಚ್ಚಿ ತಲೆದೂಗಿದ್ದು ಈ ಬಟ್ಟೆ ವ್ಯಾಪಾರಿಯ ಹಳೆಯ ಅಭಿಪ್ರಾಯಗಳಿಗೆ. ಮೈಸೂರು ಪಾಕಿನ ಡಬ್ಬಿಯನ್ನು ಮೇಜಿನ ಮೇಲೆ ಯಾರ ಕಡೆಗೆ ದೂಡಬೇಕೆಂದು ತಿಳಿಯದೆ ನಡುವೆ ಇಟ್ಟೆ. ಕೊಟ್ಟ ಚಹಾ ಕುಡಿದೆ, ರುಚಿ ನೆನಪಿಲ್ಲ.

ಹರಿಹರ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು, ಕಿಟಕಿಯ ಪಕ್ಕ ಕೂತು ಒಳಗೊಳಗೇ ಕುದಿದೆ. ಅರ್ಧ ದಾರಿ ಬರುವಾಗ ಗಣಿತದ ಬುದ್ಧಿ ಎಚ್ಚರವಾಯಿತು. ಲೆಕ್ಕ ಸರಿಯಿದ್ದರೆ ಅದನ್ನು ಬೋರ್ಡಿನ ಮೇಲೆ ಬರೆದವರು ಯಾರಾದರೇನು? ಬೇಡವೆನ್ನಲು ಕೊಟ್ಟ ಕಾರಣಗಳು ಗಟ್ಟಿಯಾಗಿಯೇ ಇವೆ. ಸರೋಜ ಅವನ್ನು ಕೇಳಿದ್ದಾಳೆ, ನಾಳೆ ಇಲ್ಲವೆನ್ನುತ್ತಾಳೆ. ಗೋದಾಮಿನ ಪದ್ಧತಿಯ ವಿಷಯ ನಾನು ಎತ್ತದಿದ್ದರಾಯಿತು. ಅವಳೇ ನನಗೆ ಈ ಪಾಡ್‌ಕಾಸ್ಟ್ ಹಚ್ಚಿಕೊಟ್ಟವಳು ಎಂಬುದು ನನ್ನ ಲೆಕ್ಕದಲ್ಲಿ ಬರಲೇ ಇಲ್ಲ. ಬೆಣ್ಣೆ ದೋಸೆ ತಲೆಗೆ ಏರಿದ್ದಿರಬೇಕು.

ಸಂಜೆ ಇಬ್ಬರೂ ತುಂಗಭದ್ರೆಯ ದಡಕ್ಕೆ ಹೋದೆವು. ನದಿ ಇಷ್ಟು ಸಣ್ಣಗಾದದ್ದನ್ನು ನೋಡಿ ಬೆಚ್ಚಿದೆ, ಬಂಡೆಗಳು ಜಾಸ್ತಿ, ನೀರು ಕಡಿಮೆ. ಸೇತುವೆಯ ಮೇಲೆ ಲಾರಿಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂಡೆಯ ಮೇಲೆ ಕೂತು ತಿಂದೆವು. ಸರೋಜ ಮೊದಲಿಗಿಂತ ಕಡಿಮೆ ಮಾತನಾಡಿದಳು, ನಾನೂ ವಿಷಯ ತೆಗೆಯಲಿಲ್ಲ. ಏಳುವಾಗ ಮಾತ್ರ, ನಾಳೆ ನೀನು ನನ್ನ ಪಕ್ಕಾನೇ ಕೂಡಬೇಕು ಅಕ್ಕ ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಒರಟಾಗಿದ್ದವು.

ಭಾನುವಾರ ಬೆಳಿಗ್ಗೆ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಒಂದೇ ವಿಗ್ರಹ, ಅರ್ಧ ಹರಿ, ಅರ್ಧ ಹರ. ಈ ಸೀಮೆಯಲ್ಲಿ ದೇವರೂ ಎರಡೂ ಕಡೆಯವನೇ ಎಂದು ಮನಸ್ಸಿನಲ್ಲೇ ಗೊಣಗಿ ತೀರ್ಥ ತೆಗೆದುಕೊಂಡೆ.

ಹನ್ನೊಂದರ ಹೊತ್ತಿಗೆ ಬಸವರಾಜಪ್ಪ ತಮ್ಮ ಅಕ್ಕ ಗೌರಮ್ಮನವರ ಜೊತೆ ಬಂದರು. ಕೈಯಲ್ಲಿ ಹೊಲದ ಬದನೆಕಾಯಿಯ ಚೀಲ. ಬಂದವರು ಮೊದಲು ಹಿತ್ತಲಿಗೆ ಹೋಗಿ ಮೋಟಾರಿನ ಸದ್ದು ಕೇಳಿ, ಸರಿಯಾಗಿದೆ ಎಂದು ತಲೆಯಾಡಿಸಿ, ಆಮೇಲೆ ಕೈಕಾಲು ತೊಳೆದು ಚಾಪೆಯ ಮೇಲೆ ಕೂತರು. ನನ್ನತ್ತ ನೋಡಲು ಅವರಿಗೆ ಸಂಕೋಚ. ನಾನು ಸರೋಜಳ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಅವಳು ಇಲ್ಲವೆನ್ನುವುದನ್ನು ಕಾದೆ. ಮಾತು ತೆಗೆದವರು ಗೌರಮ್ಮ.

“ಅಕ್ಕ ಒಪ್ಪಿದ್ರೇನೇ ಅಂತಿದ್ಲು ಸರೋಜಮ್ಮ,” ಎಂದರು. “ನೀವು ಕಳ್ಸಿದ್ದು ನಮಗೂ ಕೇಳ್ಸಿದ್ಲು. ಟೀಚರಮ್ಮ ಅಷ್ಟು ಜೋರಾಗಿ ಬ್ಯಾಡ ಅಂದಾರ ಅಂದ್ರೆ, ಅವರ ಮನಸ್ಸಿನಾಗೆ ಅಷ್ಟೇ ಜೋರಾಗಿ ಬೇಕು ಅಂತ ಐತೆ. ಅವರ ಮನಸ್ಸೇ ನಿಮ್ಮ ಮನಸ್ಸು ಅಂತ ಬರ್ದಿದ್ರಲ್ಲ, ಕೇಳಿ ಭಾಳ ಸಂತೋಷಾತು. ಆದ್ರೂ ಹಿರೀಕರ ಬಾಯಿಂದ ಒಂದು ಮಾತು ಬಂದ್ರೆ ಚಲೋ.”

ನೆಲ ಕುಸಿದಂತಾಯಿತು ಎಂದು ಬರೆಯುವವರನ್ನು ನಾನು ನಂಬುತ್ತಿರಲಿಲ್ಲ. ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಾನು ಬರೆದ ಸಾಲು ಕಣ್ಣೆದುರು ಬಂತು. ಟೀಚರ್ ಮನಸ್ಸಿನಲ್ಲಿ ಏನಿದೆಯೋ ನನ್ನ ಮನಸ್ಸಿನಲ್ಲೂ ಅದೇ. ಬೇಡವೆನ್ನಲು ಕಳಿಸಿದ್ದು ಈ ಮನೆಗೆ ಆಶೀರ್ವಾದವಾಗಿ ಬಂದು ಸೇರಿತ್ತು. ತಂಗಿ ಕೈಮುಗಿದದ್ದು ಅದಕ್ಕೆ, ಧೈರ್ಯ ಬೇಕೆಂದದ್ದು ಹೌದೆನ್ನುವುದಕ್ಕೆ!

ತಪ್ಪಾಯಿತು, ನಾನು ಹೇಳಿದ್ದು ಹಾಗಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸರೋಜ ಮಾತು ತಪ್ಪುವವಳಲ್ಲ, ಮೈಸೂರಿಗೆ ಬಂದು ಒಂಟಿ ಮಂಚದ ಮೇಲೆ ಮಲಗುತ್ತಿದ್ದಳು. ಅವಳ ಕಡೆ ತಿರುಗಿ ನೋಡಿದೆ. ಅವಳು ತಾನೇ ಹೊಲಿದ ಹೊಸ ರವಿಕೆ ತೊಟ್ಟಿದ್ದಳು, ಕೈಯ ಅಂಚಿಗೆ ಹಳದಿ ದಾರದ ಕಸೂತಿ. ಗಂಡ ಹೋದ ಮೇಲೆ ಅವಳು ಊರಿನವರಿಗೆಲ್ಲ ಹೊಲಿದಳು, ತನಗೆಂದು ಹೊಲಿದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಬಾಯಿ ತೆರೆದೆ. ಏನು ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಪಾಠ ಒಪ್ಪಿಸುವವಳ ಹಾಗೆ, ನಾನು ನಂಬದ ಮಾತುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಒಬ್ಬರಿಗೆ ಒಬ್ಬರು ಬೇಕೆನ್ನುವುದಕ್ಕೆ ವಯಸ್ಸಿನ ಲೆಕ್ಕವಿಲ್ಲ ಎಂದೆ. ಜನ ಎರಡು ದಿನ ಆಡಿಕೊಂಡು ಮೂರನೆಯ ದಿನ ಊಟಕ್ಕೆ ಬರುತ್ತಾರೆ ಎಂದೆ. ನನ್ನ ತಂಗಿ ಸಣ್ಣವಳಿದ್ದಾಗಿನಿಂದ ಕತ್ತಲೆಗೆ ಹೆದರುತ್ತಾಳೆ, ಆರು ವರ್ಷದಿಂದ ದೀಪ ಹಾಕಿಕೊಂಡೇ ಮಲಗುತ್ತಾಳೆ ಎಂದೆ. ಈ ಕೊನೆಯದನ್ನು ಹೇಳಬೇಕೆಂದು ನಾನು ಅಂದುಕೊಂಡೇ ಇರಲಿಲ್ಲ. ಆದರೆ ಅದು ನಿಜ, ಮತ್ತು ಮಂಚ ತರಿಸುವಾಗ ಅದನ್ನು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಬಸವರಾಜಪ್ಪ ತಲೆಯೆತ್ತಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

“ಮೈಸೂರಿನಲ್ಲಿ ಮಹಡಿ ಮೇಲೆ ಒಂದು ಕೋಣೆ ಇದೆ,” ಎಂದೆ ಅವರಿಗೆ. “ಮಂಚ ಚಿಕ್ಕದು. ದಸರಾಕ್ಕೆ ನೀವಿಬ್ಬರೂ ಬರುವಷ್ಟರಲ್ಲಿ ದೊಡ್ಡದು ಹಾಕಿಸಿರುತ್ತೇನೆ.”

ಗೌರಮ್ಮ ಎಲೆಯಡಿಕೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಆಮೇಲೆ ರೊಟ್ಟಿ, ಆ ಬದನೆಕಾಯಿಯದೇ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ನನ್ನ ಮೈಸೂರು ಪಾಕ್. ಊಟ ಮುಗಿಸಿ, ಬಂದವರನ್ನು ಬೀಳ್ಕೊಟ್ಟು, ಸರೋಜಳ ಹೊಲಿಗೆ ಮೇಜಿನ ಪಕ್ಕ ಚಾಪೆ ಹಾಸಿಕೊಂಡು ಸಂಜೆಯವರೆಗೆ ನಿದ್ದೆ ಹೊಡೆದೆ. ಷಮೀಮ್ ಟೀಚರಿಗೆ ಜೈ.

ಸೋಮವಾರ ಬೆಳಿಗ್ಗೆ ಹರಿಹರ ಸ್ಟೇಷನ್ನಿನಲ್ಲಿ ಸರೋಜ ನೀರಿನ ಬಾಟಲಿಯನ್ನೂ ಬುತ್ತಿಯನ್ನೂ ಕಿಟಕಿಯಿಂದ ಕೊಟ್ಟಳು. ಗೋದಾಮಿನ ಕಥೆಯನ್ನು ನಾನು ಅವಳಿಗೆ ಹೇಳಿರಲಿಲ್ಲ, ಹೇಳುವುದೂ ಇಲ್ಲವೆಂದುಕೊಂಡಿದ್ದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು, ಮೊದಲನೇ ಕಂತಿನಲ್ಲಿ ಮುರುಗೇಂದ್ರಪ್ಪನವರ ತಾಯಿಯ ಮಾತು ಬರುತ್ತದಲ್ಲ, ಅದನ್ನು ಕೇಳಿದಾಗೆಲ್ಲ ನಮ್ಮ ಅಮ್ಮನ ನೆನಪಾಗುತ್ತದೆ, ನಿನಗೂ ಆಯಿತೋ ಎಂದು ಕೇಳಿದಳು. ಹೌದು ಎಂದಿದ್ದರೆ ಆಗುತ್ತಿತ್ತು. ಅವಳ ಮುಖ ನೋಡಿಕೊಂಡು ಅದು ಬರಲಿಲ್ಲ.

“ಮೊದಲನೇ ಕಂತು ನಾನು ಇನ್ನೂ ಕೇಳಿಲ್ಲ ಕಣೇ.”

ಅವಳು ನಗಲು ಹೋದವಳು ನಿಂತಳು. ಬಾಯಿಯಲ್ಲಿ ಲೆಕ್ಕ ಹಾಕುವವಳ ಹಾಗೆ ಅವಳ ತುಟಿ ಅಲುಗಿತು. ರೈಲು ಮೆಲ್ಲಗೆ ಜಗ್ಗಿತು.

“ಹಂಗಾರೆ ನೀನು ಬರ್ದು ಕಳ್ಸಿದ್ದು…” ಎಂದಳು, ಜೊತೆಗೆ ನಾಲ್ಕು ಹೆಜ್ಜೆ ಹಾಕುತ್ತ. “ಅಕ್ಕ, ಹಂಗಾರೆ ನಿನ್ನೆ ಹೇಳಿದ್ದು?”

“ನಿನ್ನೆ ಹೇಳಿದ್ದು ನನ್ನದೇ ಮಾತು.”

ರೈಲು ವೇಗ ಹಿಡಿಯಿತು. ಕಿಟಕಿಗೆ ಕೆನ್ನೆ ಒತ್ತಿ ಹಿಂದಕ್ಕೆ ನೋಡಿದೆ. ಪ್ಲಾಟ್‌ಫಾರ್ಮಿನ ಬಿಸಿಲಿನಲ್ಲಿ, ಹಳದಿ ಕಸೂತಿಯ ರವಿಕೆಯಲ್ಲಿ, ನನ್ನ ತಂಗಿ ಬಾಯಿ ತೆರೆದುಕೊಂಡು ನಿಂತೇ ಇದ್ದಳು.